ಯಾಣದ ಬಂಡೆ, ಕೋಲಾರದ ಜಲ್ಲಿ

ಮಾಲೂರು ತಾಲ್ಲೂಕು ಲಕ್ಕೂರಿನಿಂದ ಯಾಣ ನೋಡಲು ಹೊರಟವರು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಬೇಕು. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬುದು ಉತ್ತರ ಕನ್ನಡದ ಗಾದೆ. ಮೈಯಲ್ಲಿ ಕಸುವಿದ್ದವರಷ್ಟೇ ಕಾಡು ತುಳಿದು ಆ ಪುಟ್ಟ ಹಳ್ಳಿ ಸೇರುತ್ತಿದ್ದ ಕಾಲವದು. ಈಗ ರಸ್ತೆಯಾಗಿದೆ, ಕೊನೆಯ ಸ್ವಲ್ಪ ದೂರ ನಡೆದರಾಯ್ತು.

ಅಲ್ಲಿರುವುದು 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ. ಬಣ್ಣ ಕಪ್ಪಾದರೂ ಜಾತಿ ಸುಣ್ಣಕಲ್ಲು. ಸುಣ್ಣಕಲ್ಲೆಂದರೆ ಸಿಮೆಂಟಿಗೆ ಬೇಕಾದ ಮಾಲು. ಆದರೆ ಆ ಊರಿಗೆ ಅದು ದೇವರು. ಬುಡದಲ್ಲೇ ಗುಡಿ, ಶಿವರಾತ್ರಿಗೆ ಜಾತ್ರೆ.

ಕೋಲಾರ ಜಿಲ್ಲೆಯ ಬಂಡೆ ಗ್ರಾನೈಟಿನ ಜಾತಿ. ಎಷ್ಟೋ ಗುಡ್ಡ ಕ್ರಷರಿಗೆ ಬಿದ್ದು ಜಲ್ಲಿಯಾಗಿವೆ. ನಾಲ್ಕು ಜನಕ್ಕೆ ಕೂಲಿ ಸಿಗೋದು ನಿಜ. ಆದರೆ ಜಲ್ಲಿ ಒಂದ್ಸಲ ಮಾರಿದರೆ ಮುಗೀತು. ನಿಂತ ಬಂಡೆ ವರ್ಷಾವರ್ಷ ಜನರನ್ನು ಕರೆಯುತ್ತೆ, ಅಂಗಡಿಗೂ ಬಸ್ಸಿಗೂ ವ್ಯಾಪಾರ ಕೊಡುತ್ತೆ. ಯಾಣಕ್ಕೆ ಹೋಗಿಬಂದವರು ತಮ್ಮೂರ ಗುಡ್ಡ ಎಷ್ಟು ಉಳಿದಿದೆ ಅಂತಲೂ ಒಮ್ಮೆ ನೋಡಲಿ.