ಸಂಗೀತದ ಪಿರಿಯಡ್‌ಗೆ ಹಂತಿಯ ಪದ

ಯಾದಗಿರಿ, ಶಹಾಪುರ, ಸುರಪುರ ಕಡೆಯ ಸರ್ಕಾರಿ ಶಾಲೆಗಳಲ್ಲಿ ಹಾಡು ಕೇಳಿಸುವುದು ಬಹುಮಟ್ಟಿಗೆ ಬೆಳಗಿನ ಪ್ರಾರ್ಥನೆಗೆ, ಪ್ರತಿಭಾ ಕಾರಂಜಿ ಹತ್ತಿರ ಬಂದಾಗ, ಇಲ್ಲವೇ ಆಗಸ್ಟ್ 15ಕ್ಕೋ ಜನವರಿ 26ಕ್ಕೋ ಬಾಡಿಗೆ ಸ್ಪೀಕರ್ ಬಂದಾಗ. ಉಳಿದ ದಿನ ವೇಳಾಪಟ್ಟಿಯ ಸಂಗೀತದ ಪಿರಿಯಡ್ ಗಣಿತದ ಪಾಲಾಗುತ್ತದೆ. ಇದಕ್ಕೆ ಶಿಕ್ಷಕರನ್ನು ದೂರಿ ಫಲವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೇಳುವುದು ಆರರಿಂದ ಎಂಟನೇ ತರಗತಿಗೆ ಮಾತ್ರ. ಅದೂ ಮಕ್ಕಳ ಸಂಖ್ಯೆ ನೂರು ದಾಟಿದ ಕಡೆ. ತಾಂಡಾದ ಶಾಲೆಗೆ, ದೊಡ್ಡಿಯ ಶಾಲೆಗೆ ಕಾಯ್ದೆಯ ಲೆಕ್ಕದಲ್ಲೂ ಸಂಗೀತದವರು ಬರಬೇಕಾಗಿಲ್ಲ. ಹೀಗಾಗಿ ಸಂಗೀತದ ಸೀನಿಯರ್, ವಿದ್ವತ್ ಪರೀಕ್ಷೆ ಪಾಸಾದ ಮೇಷ್ಟ್ರು ಒಂದು ಕಡೆ ಇದ್ದರೆ, ಕನ್ನಡವೋ ಸಮಾಜವೋ ಕಲಿಸುತ್ತ ಹಾಡಿನ ಹೊಣೆಯನ್ನೂ ಹೊತ್ತ ಹತ್ತಾರು ಟೀಚರ್‌ಗಳು ಇನ್ನೊಂದು ಕಡೆ ಇದ್ದಾರೆ. ಈ ಸಂಚಿಕೆಯ ಮಾತು ಇಬ್ಬರಿಗೂ ಸೇರಿದ್ದು. ಈ ಸೀಮೆಯ ಶಾಲೆಯಲ್ಲಿ ಸಂಗೀತ ಶುರುವಾಗಬೇಕಾದದ್ದು ಪೇಟಿಯ ಮೇಲಿನ ಸರಿಗಮದಿಂದಲ್ಲ, ಊರವರ ಕಂಠದಲ್ಲಿ ಈಗಲೂ ಉಳಿದಿರುವ ಪದಗಳಿಂದ ಎಂಬುದು ನಮ್ಮ ವಾದ. ಸರಿಗಮ ಆಮೇಲೆ, ಆ ಪದದೊಳಗಿಂದಲೇ ಬರಲಿ.

ಮೊದಲ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. ಓದು ಬರಹವೇ ನಿಲ್ಲದ ಕಡೆ ಹಾಡಿಗೆ ಎಲ್ಲಿಯ ಪುರುಸೊತ್ತು ಎಂದು ಮುಖ್ಯ ಗುರುಗಳು ಕೇಳಿದರೆ ಅದನ್ನು ರಸಿಕತೆ ಇಲ್ಲದವರ ಮಾತೆಂದು ತಳ್ಳಿಹಾಕುವಂತಿಲ್ಲ. ಆದರೆ ಆ ಪ್ರಶ್ನೆ ಹಾಡನ್ನೂ ಓದನ್ನೂ ಎದುರಾಳಿಗಳೆಂದು ಮೊದಲೇ ತೀರ್ಮಾನಿಸಿಬಿಟ್ಟಿದೆ. ನಮ್ಮ ಇಲಾಖೆ ಹಾಗೆ ತೀರ್ಮಾನಿಸಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ, ಮುಂದೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ಬಂದ ನಲಿ ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಓದಿಗೆ ಹಾಡು ಒಂದು ಮೆಟ್ಟಿಲು. ಅದರ ಹಿಂದಿನ ತಿಳಿವಳಿಕೆ ಸರಳವಾದದ್ದು. ಬಾಯಿಪಾಠವಾಗಿರುವ ಸಾಲನ್ನು ಹಲಗೆಯ ಮೇಲೆ ಬರೆದಾಗ ಮಗು ಅಕ್ಷರ ಕೂಡಿಸಲು ಒದ್ದಾಡುವುದಿಲ್ಲ. ಮುಂದಿನ ಪದ ಯಾವುದೆಂದು ಅದಕ್ಕೆ ಗೊತ್ತಿದೆ, ಅದು ಹೇಗೆ ಕಾಣುತ್ತದೆ ಎಂಬುದಷ್ಟೇ ಹೊಸದು. ಇನ್ನು ಆ ಸಾಲು ಪಠ್ಯಪುಸ್ತಕದ ಕನ್ನಡದಲ್ಲಿರದೆ ಮನೆಯಲ್ಲಿ ಅವ್ವ, ಆಯಿ ಹಾಡುವ ಕನ್ನಡದಲ್ಲಿದ್ದರೆ ಓದಿಗೂ ಮನೆಗೂ ನಡುವಿನ ದೂರವೇ ಕಡಿಮೆಯಾಗುತ್ತದೆ. ಪಾಲಕರ ಬೆನ್ನಿಗೆ ಬೆಂಗಳೂರು, ಪುಣೆ, ಮುಂಬಯಿಗೆ ದುಡಿಯಲು ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸಿ ಬರುವ ಮಗುವಿಗೆ ತರಗತಿಯೊಳಕ್ಕೆ ಮತ್ತೆ ಸೇರಿಕೊಳ್ಳಲು ಗಣಿತಕ್ಕಿಂತ ಹಿಮ್ಮೇಳ ಸುಲಭ. ಎಲ್ಲರೂ ತಿರುಗಿ ಹೇಳುವ ಪಲ್ಲವಿಗೆ ಹಿಂದಿನ ಪಾಠ ಬೇಕಾಗುವುದಿಲ್ಲ.

ಪದಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಜೋಳದ ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿಸುತ್ತ ರಾತ್ರಿಯೆಲ್ಲ ಹಾಡುತ್ತಿದ್ದ ಹಂತಿಯ ಪದಗಳು, ಹೆಣ್ಣುಮಕ್ಕಳ ಬುಲಾಯಿ ಪದ, ಬೀಸುವ ಕಲ್ಲಿನ ಪದ, ಸೋಬಾನ, ಡೊಳ್ಳಿನ ಪದ, ಮೊಹರಂ ಹೊತ್ತಿಗೆ ಅಲಾಯಿಯ ಮುಂದೆ ಕುಣಿಯುತ್ತ ಹೇಳುವ ರಿವಾಯತ್, ಅಮಾವಾಸ್ಯೆಯ ಭಜನೆಯ ತತ್ವಪದ. ಶಹಾಪುರಕ್ಕೆ ಹೊಂದಿಕೊಂಡ ಸೀಮೆಯ ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದಗಳು ಇಲ್ಲಿನ ಭಜನಾ ಮೇಳಗಳ ನಿತ್ಯದ ಸರಕು. ಸುರಪುರದ ಆನಂದದಾಸರು ಕಮಲೇಶ ವಿಠಲ ಅಂಕಿತದಲ್ಲಿ ಕೀರ್ತನೆ ಕಟ್ಟಿದವರು. ನೇಕಾರ ವಚನಕಾರ ದೇವರ ದಾಸಿಮಯ್ಯ ಮುದನೂರಿನವನು. ಅವನ ವಚನಗಳು ನಾಲ್ಕೈದು ಸಾಲಿನವು, ಐದನೇ ತರಗತಿಯ ಮಗುವಿನ ಉಸಿರಿಗೆ ಹೊಂದುವಂಥವು. ಆದರೆ ಈ ಸಂಪತ್ತು ಕರಗುತ್ತಿರುವುದಕ್ಕೆ ಕಾರಣವೂ ಕಣ್ಣೆದುರಿಗಿದೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ಹರಿದ ಮೇಲೆ ಜೋಳದ ಹೊಲ ಭತ್ತದ ಗದ್ದೆಯಾಯಿತು, ರಾಶಿಗೆ ಯಂತ್ರ ಬಂತು, ಕಣವೂ ಮೇಟಿಯೂ ಹೋದವು. ಹಾಡುವ ಸಂದರ್ಭ ಸತ್ತಿದೆ, ಹಾಡು ಮಾತ್ರ ಅರವತ್ತು ದಾಟಿದವರ ನೆನಪಿನಲ್ಲಿದೆ. ಕಣ ಹೋದ ಮೇಲೆ ಇಪ್ಪತ್ತು ಮೂವತ್ತು ಕಂಠಗಳು ಒಂದು ಗಂಟೆ ಒಟ್ಟಿಗೆ ಕೂಡುವ ಜಾಗವೆಂದು ಹಳ್ಳಿಯಲ್ಲಿ ಉಳಿದಿರುವುದು ಶಾಲೆಯೇ.

ಕಿವಿಯಿಂದ, ಊರ ಹಾಡಿನಿಂದ ಸಂಗೀತ ಶಿಕ್ಷಣ ಆರಂಭಿಸುವುದು ಹಳ್ಳಿಗಾಡಿನ ಬಡಶಾಲೆಗೆ ಒಪ್ಪಿಸಿದ ಕಡಿಮೆ ದರ್ಜೆಯ ಏರ್ಪಾಡು ಎಂದು ಯಾರಿಗಾದರೂ ಅನ್ನಿಸಿದರೆ ಹಂಗೇರಿಯ ಕಡೆ ನೋಡಬೇಕು. ಅಲ್ಲಿನ ಸಂಗೀತಗಾರ ಜೋಲ್ತಾನ್ ಕೊದಾಯ್, ಗೆಳೆಯ ಬೇಲಾ ಬಾರ್ಟೋಕ್ ಇಬ್ಬರೂ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಫೋನೋಗ್ರಾಫ್ ಹೊತ್ತುಕೊಂಡು ರೈತರ ಹಾಡು ಸಂಗ್ರಹಿಸುತ್ತ ಊರೂರು ಅಲೆದರು. ಮಗು ಮೊದಲು ತನ್ನ ನೆಲದ ಹಾಡನ್ನು ವಾದ್ಯವಿಲ್ಲದೆ ಹಾಡಬೇಕು, ಸ್ವರ ಓದುವುದನ್ನು ಆ ಹಾಡುಗಳಿಂದಲೇ ಕಲಿಯಬೇಕು ಎಂದು ಕೊದಾಯ್ ಹಟ ಹಿಡಿದ. 1950ರಲ್ಲಿ ಅವನ ಹುಟ್ಟೂರು ಕೆಚ್ಕೆಮೇತ್‌ನಲ್ಲಿ ಈ ವಿಚಾರದ ಮೇಲೆ ಒಂದು ಪ್ರಾಥಮಿಕ ಶಾಲೆ ತೆರೆಯಿತು. ಜಗತ್ತಿನ ಹಲವು ದೇಶಗಳು ಆ ಪದ್ಧತಿಯನ್ನು ಇಂದಿಗೂ ಅನುಸರಿಸುತ್ತಿವೆ. ನಮ್ಮಲ್ಲಿ ಹಂಗೇರಿಯ ಹಾಡು ಕಲಿಸಬೇಕೆಂದು ಇದರ ಅರ್ಥವಲ್ಲ. 

ಇದು ತರಗತಿಯಲ್ಲಿ ಹೇಗೆ ನಡೆಯಬೇಕು? ತಿಂಗಳಿಗೆ ಒಂದು ಪದ ಸಾಕು. ಮೊದಲ ವಾರ ಬರೆಸುವುದು ಬೇಡ. ಒಬ್ಬರು ಹೇಳುವುದು, ಉಳಿದವರು ತಿರುಗಿ ಹೇಳುವುದು. ತತ್ವಪದದ ಪಲ್ಲವಿ, ನುಡಿ ಎಂಬ ಕಟ್ಟೇ ಇದಕ್ಕೆ ಹೇಳಿ ಮಾಡಿಸಿದಂತಿದೆ: ಪಲ್ಲವಿ ಇಡೀ ತರಗತಿಗೆ, ನುಡಿ ಸರದಿಯಲ್ಲಿ ಒಬ್ಬೊಬ್ಬರಿಗೆ. ಎರಡನೇ ವಾರ ತಾಳ. ತಬಲಾ ಇಲ್ಲವೆಂದು ಕೂರಬೇಕಾಗಿಲ್ಲ. ಇಲ್ಲಿನ ಭಜನೆಯ ಪದಗಳು ಬಹುಪಾಲು ಎಂಟು ಮಾತ್ರೆಯ ಕೆಹರವಾ, ಆರು ಮಾತ್ರೆಯ ದಾದರಾ ಎರಡರೊಳಗೆ ಮುಗಿಯುತ್ತವೆ. ಮೊದಲ ಮಾತ್ರೆಗೆ ಚಪ್ಪಾಳೆ. ಕೆಹರವಾದಲ್ಲಿ ಐದನೆಯದಕ್ಕೆ, ದಾದರಾದಲ್ಲಿ ನಾಲ್ಕನೆಯದಕ್ಕೆ ಅಂಗೈ ಬೀಸಿ ಖಾಲಿ ತೋರಿಸುವುದು. ನಡುವಿನವನ್ನು ಬೆರಳಲ್ಲಿ ಎಣಿಸುವುದು. ಇಷ್ಟು ಕೂತರೆ ಚಿಟಕಿ, ತಾಳ, ದಮ್ಮಡಿ ಕೈಗೆ ಕೊಡಬಹುದು. ಮೂರನೇ ವಾರ ಹಲಗೆಯ ಮೇಲೆ ಸಾಲು, ಓದು, ಶಬ್ದದ ಅರ್ಥ. ಆ ಪದ ಎಷ್ಟು ಸ್ವರದಲ್ಲಿ ಓಡಾಡುತ್ತದೆ ಎಂದು ಹುಡುಕುವುದು ನಾಲ್ಕನೆಯ ವಾರದ ಕೆಲಸ. ಹೆಣ್ಣುಮಕ್ಕಳ ಪದಗಳಲ್ಲಿ ಎಷ್ಟೋ ನಾಲ್ಕೈದು ಸ್ವರ ದಾಟುವುದಿಲ್ಲ. ಆದ್ದರಿಂದಲೇ ಅವು ಸ್ವರಜ್ಞಾನದ ಮೊದಲ ಪಾಠಕ್ಕೆ ಯೋಗ್ಯ.

ಶ್ರುತಿಯ ವಿಷಯದಲ್ಲಿ ಮಾತ್ರ ಊರ ಪದ್ಧತಿಯನ್ನು ಕಣ್ಮುಚ್ಚಿ ಅನುಸರಿಸಬಾರದು. ಭಜನಾ ಮೇಳದ ಗಂಡಸರು ಏರುಧ್ವನಿಯಲ್ಲಿ ತಾರಸ್ಥಾಯಿಗೆ ಕೂಗುವುದನ್ನೇ ಶೌರ್ಯವೆಂದುಕೊಂಡಿರುತ್ತಾರೆ. ಹತ್ತು ವರ್ಷದ ಮಗು ಹಾಗೆ ಕೂಗಿದರೆ ಗಂಟಲು ಕೆಡುತ್ತದೆ. ಪದ ಮಧ್ಯ ಷಡ್ಜದಿಂದ ತಾರ ಷಡ್ಜದೊಳಗೆ ಇದ್ದರೆ ಪೇಟಿಯ ಬಿಳಿ ಒಂದು ಅಥವಾ ಬಿಳಿ ಎರಡು ಸಾಮಾನ್ಯವಾಗಿ ಸರಿಹೋಗುತ್ತದೆ. ತೀರ ಕೆಳಗಿನ ಸ್ವರವೂ ಮೇಲಿನ ಸ್ವರವೂ ಕಿರುಚದೆ ಇಡೀ ತರಗತಿಗೆ ಸಿಗಬೇಕು, ಪರೀಕ್ಷೆ ಅದೇ. ಪೇಟಿ ಶ್ರುತಿ ಕೊಟ್ಟು ಸುಮ್ಮನಾಗಲಿ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ ಎಂಬ ಕಾರಣವನ್ನೂ ಮುಂದಿಟ್ಟು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಅದು ಅತಿಯಾಯಿತು, ನಿಜ. ಆದರೆ ಹಂತಿಯ ಪದದ ಜೀವ ಇರುವುದೇ ಆ ಜಾರುವಿಕೆಯಲ್ಲಿ. ಮಕ್ಕಳು ಅದನ್ನು ಕಂಠದಿಂದ ಕಂಠಕ್ಕೆ ಪಡೆಯಬೇಕು.

ಸಂಪನ್ಮೂಲ ಎಲ್ಲಿದೆ ಎಂದು ಕೇಳುವವರಿಗೆ ಗ್ರಂಥಾಲಯ ತೋರಿಸುವುದು ಸುಲಭ. ಹಲಸಂಗಿ ಗೆಳೆಯರ ಗರತಿಯ ಹಾಡು ಇದೆ. ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ತಂದ ತತ್ವಪದ ಸಾಹಿತ್ಯದ ಸಂಪುಟಗಳಿವೆ. ಆದರೆ ಕನ್ನಡ ಜಾನಪದ ಸಂಗ್ರಹದ ದೊಡ್ಡ ಕೊರತೆ ಶಿಕ್ಷಕರಿಗೆ ಅಲ್ಲೇ ಎದುರಾಗುತ್ತದೆ. ಸಾವಿರಾರು ಪುಟ ಸಾಹಿತ್ಯ ಅಚ್ಚಾಗಿದೆ, ಧಾಟಿ ಅಚ್ಚಾಗಿದ್ದು ತೀರ ಕಡಿಮೆ. ವಿದ್ವಾಂಸರು ಹಾಡನ್ನು ಕವಿತೆಯೆಂದು ಓದಿದರು. ಘರಾಣೆಗಳ ಉಸ್ತಾದರ ಬಾಯಲ್ಲಿದ್ದ ಚೀಜ್‌ಗಳನ್ನು ಸಂಗೀತ ವಿದ್ವಾಂಸ ಭಾತಖಂಡೆಯವರು ಸ್ವರಲಿಪಿಗೆ ಇಳಿಸಿ ಆರು ಸಂಪುಟಗಳಲ್ಲಿ ಕೊಟ್ಟದ್ದರಿಂದಲೇ ಹಿಂದುಸ್ತಾನಿ ಸಂಗೀತ ತರಗತಿಯಲ್ಲಿ ಕಲಿಸಬಹುದಾದ ವಿದ್ಯೆಯಾಯಿತು. ಆ ಕೆಲಸ ಹಂತಿಯ ಪದಕ್ಕೆ ಆಗಿಲ್ಲ, ವಿಶ್ವವಿದ್ಯಾಲಯ ಮಾಡಲೆಂದು ಕಾಯುವಷ್ಟು ವಯಸ್ಸು ಹಾಡುವವರಿಗೆ ಉಳಿದಿಲ್ಲ. ಜೇಬಿನಲ್ಲಿ ಫೋನ್ ಇರುವ ಶಿಕ್ಷಕರು ಒಬ್ಬ ಹಿರಿಯರ ಒಂದು ಪದ ರೆಕಾರ್ಡ್ ಮಾಡಿ, ಸಂಗೀತ ಬಲ್ಲ ಸಹೋದ್ಯೋಗಿಯಿಂದ ಸ್ವರ ಹಾಕಿಸಿ, ಸಮೂಹ ಸಂಪನ್ಮೂಲ ಕೇಂದ್ರದ ಸಭೆಯಲ್ಲಿ ಹಂಚಿಕೊಂಡರೆ ಒಂದು ವರ್ಷದಲ್ಲಿ ಪ್ರತಿ ತಾಲ್ಲೂಕಿಗೂ ತನ್ನದೇ ಹಾಡಿನ ಕೈಪಿಡಿ ಸಿದ್ಧವಾಗುತ್ತದೆ. ಹಾಡಿದವರನ್ನು ಶಾಲೆಗೇ ಕರೆದರೆ ಇನ್ನೂ ಒಳ್ಳೆಯದು. ಬರಿಯ ಶಾಲು ಹಾರ ಸಾಲದು, ಒಂದು ದಿನದ ಕೂಲಿಯನ್ನಾದರೂ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಕೊಡಬೇಕು.

ಈ ಪದಗಳೆಲ್ಲ ದೇವರು, ಮಠ, ದರ್ಗಾಕ್ಕೆ ಅಂಟಿಕೊಂಡವು, ಸರ್ಕಾರಿ ಶಾಲೆಯಲ್ಲಿ ತಕರಾರು ಬರುತ್ತದೆ ಎಂಬ ಅಂಜಿಕೆ ಇತ್ತೀಚೆಗೆ ಹೆಚ್ಚಿದೆ. ಅಂಜಿಕೆ ನಿಜ, ಆದರೆ ಈ ಸೀಮೆಯ ಪದಗಳನ್ನು ಒಂದೇ ಧರ್ಮದ ಖಾತೆಗೆ ಬರೆಯುವುದು ಆಗದ ಮಾತು. ತತ್ವಪದಕಾರ ಚೆನ್ನೂರು ಜಲಾಲ ಸಾಹೇಬ ಕಡಕೋಳ ಮಡಿವಾಳಪ್ಪನ ಶಿಷ್ಯ. ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರನಿಗೆ ನಡೆದುಕೊಳ್ಳುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಮುಸಲ್ಮಾನರ ಮನೆ ಒಂದೂ ಇಲ್ಲದ ಹಳ್ಳಿಯಲ್ಲೂ ಮೊಹರಂ ನಡೆಯುತ್ತದೆ. ಯಾವ ಮಗುವಿಗೂ ಹಾಡಲೇಬೇಕೆಂಬ ಒತ್ತಾಯವಿರದೆ, ದುಡಿಮೆಯ ಪದ, ಆಟದ ಪದಗಳಿಂದ ಆರಂಭಿಸಿ, ಲಂಬಾಣಿ ತಾಂಡಾದ ಹಾಡು, ಗುರುಮಠಕಲ್ ಕಡೆಯ ತೆಲುಗು ಹಾಡು ಎಲ್ಲಕ್ಕೂ ಸರದಿ ಸಿಕ್ಕರೆ ತಕರಾರಿಗೆ ಜಾಗ ಉಳಿಯುವುದು ಕಡಿಮೆ.

ಇದಕ್ಕಿಂತ ಕಠಿಣವಾದ ತೊಡಕು ಬೇರೆ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಲಗಿ ಬಾರಿಸುವುದು ಇಂಥ ಕೇರಿಯವರ ಕೆಲಸ ಎಂಬ ಭಾವನೆ ಮಕ್ಕಳಿಗಿಂತ ಮೊದಲು ಪಾಲಕರಲ್ಲಿದೆ. ಶಾಲೆ ಹಲಗಿ ತರಿಸಿ ಅದೇ ಕೇರಿಯ ಹುಡುಗನ ಕೈಗೆ ಕೊಟ್ಟರೆ ಜಾನಪದದ ಹೆಸರಿನಲ್ಲಿ ಜಾತಿಯನ್ನೇ ಕಲಿಸಿದಂತಾಗುತ್ತದೆ. ಯಾವ ವಾದ್ಯವಾದರೂ ಹಾಜರಿ ಪಟ್ಟಿಯ ಕ್ರಮದಲ್ಲಿ ಎಲ್ಲರ ಕೈಗೂ ಬರಬೇಕು, ಹುಡುಗಿಯರ ಕೈಗೂ. ಆ ಹುಡುಗನ ಅಪ್ಪ ಬಲ್ಲಿದ ಬಾರಿಸುವವನಾಗಿದ್ದರೆ ಅವನು ಆ ದಿನ ಗುರುವಿನ ಕುರ್ಚಿಯ ಮೇಲೆ ಕೂರಬೇಕು.

ಶಾಸ್ತ್ರೀಯ ಸಂಗೀತದವರ ಅಸಮಾಧಾನಕ್ಕೂ ಉತ್ತರ ಬೇಕು. ಹೀಗೆ ಮಾಡಿದರೆ ಜೂನಿಯರ್ ಪರೀಕ್ಷೆಗೆ ಮಕ್ಕಳು ಸಿದ್ಧರಾಗುವುದಿಲ್ಲ, ಶಿಸ್ತು ಬರುವುದಿಲ್ಲ ಎನ್ನುತ್ತಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಿಂದ ಕಲಿತು ಬಂದು ಉತ್ತರ ಕರ್ನಾಟಕದ ಶಾಲೆಗಳಲ್ಲಿ ದುಡಿದ ಗವಾಯಿಗಳ ಋಣ ದೊಡ್ಡದು. ಅವರ ಶಿಸ್ತನ್ನು ಹಗುರ ಮಾಡುವ ಮಾತು ಇಲ್ಲಿಲ್ಲ. ಆದರೆ ಪರೀಕ್ಷೆ ಕಟ್ಟುವವರು ತರಗತಿಗೆ ಒಬ್ಬಿಬ್ಬರು, ಪಿರಿಯಡ್ ಇರುವುದು ಎಲ್ಲರಿಗೂ. ಪಕ್ಕದ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ವಚನ, ತತ್ವಪದಗಳನ್ನು ರಾಗದಲ್ಲಿ ಹಾಡಿ ಮನೆಮಾತಾದದ್ದನ್ನು ನೆನೆದರೆ ಎರಡು ದಾರಿಗಳ ನಡುವೆ ಗೋಡೆ ಇರಲಿಲ್ಲ ಎಂಬುದು ಕಾಣುತ್ತದೆ. ಭಜನೆಯ ಪದವೊಂದನ್ನು ಬಲ್ಲ ಮಗುವಿಗೆ ಭೈರವಿ, ಭೀಮಪಲಾಸಿ ಪೂರ್ತಿ ಹೊಸದಾಗಿರುವುದಿಲ್ಲ. ಸಿನಿಮಾ ಹಾಡಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದಕ್ಕೆ ಶಾಲೆಯ ನೆರವು ಬೇಡ, ಶಾಲೆಯ ನಿಷೇಧವೂ ಬೇಡ.

ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯ ಎರಡು ಪುಟಗಳನ್ನು ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆಯ ಶಿಕ್ಷಕರು ಕಳಿಸುವ ಪದಗಳಿಗೆ ಮೀಸಲಿಡುತ್ತಿದ್ದೇವೆ. ಪದದ ಜೊತೆಗೆ ಊರು, ಹಾಡುವ ಸಂದರ್ಭ, ತಾಳ, ಮಕ್ಕಳಿಗೆ ಹೊಂದಿದ ಶ್ರುತಿ, ಹಾಡಿದವರ ಒಪ್ಪಿಗೆ ಇಷ್ಟನ್ನು ಬರೆದು ಕಳಿಸಿ. ಹೆಸರು ಬೇಡವೆಂದವರ ಹೆಸರು ಹಾಕುವುದಿಲ್ಲ. ಪೂರ್ತಿ ಸ್ವರ ಹಾಕಲು ಬಾರದಿದ್ದರೆ ಪಲ್ಲವಿಯದ್ದಷ್ಟೇ ಹಾಕಿ, ಉಳಿದುದರ ರೆಕಾರ್ಡಿಂಗ್ ಜೊತೆಗಿರಲಿ.