ಬೆಫ್ರುವಾ: ಗಂಟೆ ಯಾರದು?

ಗಂಟೆಗೋಪುರಕ್ಕೆ ಫ್ರೆಂಚ್ ಭಾಷೆಯಲ್ಲಿ ಎರಡು ಪದಗಳಿವೆ. ಚರ್ಚಿನ ಗೋಪುರ ‘ಕ್ಲೊಶೆ’. ಇದು ಗಂಟೆ ಎಂಬ ಅರ್ಥದ ‘ಕ್ಲೊಶ್’ನಿಂದ ಹುಟ್ಟಿದ್ದು. ಪೌರಸಭೆಯ ಗೋಪುರ ‘ಬೆಫ್ರುವಾ’. ಸ್ವಾರಸ್ಯವೆಂದರೆ, ಈ ಎರಡನೆಯ ಪದದಲ್ಲಿ ಗಂಟೆಯೇ ಇಲ್ಲ! ಜರ್ಮನಿಕ್ ಮೂಲದ ಈ ಪದ ಮೊದಲು ಸೂಚಿಸುತ್ತಿದ್ದುದು ಕೋಟೆಗೆ ಲಗ್ಗೆ ಹಾಕಲು ತಳ್ಳಿ ತರುತ್ತಿದ್ದ ಮರದ ಅಟ್ಟಣೆಯನ್ನು. ಬಳಿಕ ಅದು ಕಾವಲುಗೋಪುರವಾಯಿತು. ಕಾವಲಿಗೆ ಗಂಟೆ ಬಂತು. ಇಂಗ್ಲಿಷಿನ ‘ಬೆಲ್‌ಫ್ರಿ’ ಇದರದೇ ರೂಪ. ಅದರಲ್ಲಿನ ‘ಬೆಲ್’ಗೂ ಗಂಟೆಗೂ ಹುಟ್ಟಿನ ನಂಟಿಲ್ಲ.

ಮಧ್ಯಯುಗದ ಉತ್ತರ ಫ್ರಾನ್ಸ್ ಮತ್ತು ಫ್ಲಾಂಡರ್ಸ್‌ನಲ್ಲಿ ಸ್ವಂತ ಗಂಟೆಯೆಂದರೆ ಊರಿನ ಸ್ವಾತಂತ್ರ್ಯದ ಗುರುತು. ಬೆಂಕಿ, ಶತ್ರು, ಸಭೆ, ಕೆಲಸದ ವೇಳೆ ಎಲ್ಲವನ್ನೂ ಅದೇ ಸಾರುತ್ತಿತ್ತು. ಆದ್ದರಿಂದಲೇ 1382ರಲ್ಲಿ ದಂಗೆ ಅಡಗಿದ ಮೇಲೆ, ಬರ್ಗಂಡಿಯ ಡ್ಯೂಕ್ ಫಿಲಿಪ್ ಇಂದಿನ ಬೆಲ್ಜಿಯಮ್ಮಿನ ಕೋರ್ಟ್ರೈಕ್ ಪಟ್ಟಣದ ಗೋಪುರದಿಂದ ಗಂಟೆ ಬಾರಿಸುವ ಗಡಿಯಾರವನ್ನೇ ಕಿತ್ತು ದಿಜೋನ್ ನಗರಕ್ಕೆ ಸಾಗಿಸಿದ. ಅದು ಊರಿನ ಬಾಯಿ ಕಟ್ಟುವ ಶಿಕ್ಷೆ!

ಬೆಲ್ಜಿಯಂ ಮತ್ತು ಫ್ರಾನ್ಸಿನ 56 ಬೆಫ್ರುವಾಗಳು ಇಂದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ತೂಗುವ ಗಂಟೆಯ ಅದುರು ಕಲ್ಲುಗೋಡೆಗೆ ನೇರವಾಗಿ ತಟ್ಟದಂತೆ ಒಳಗೆ ನಿಲ್ಲಿಸುವ ಮರದ ಚೌಕಟ್ಟಿಗೂ ಇದೇ ಹೆಸರು. ಆ ಚೌಕಟ್ಟು ಚರ್ಚಿನ ಗೋಪುರದಲ್ಲೂ ಇರಬಹುದು. ಗೋಪುರದ ಮಾತು ಬಂದಾಗ ಮಾತ್ರ ‘ಗಂಟೆ ಯಾರದು?’ ಎಂದು ಕೇಳಿಕೊಳ್ಳಿ. ಸರಿಯಾದ ಪದ ತಾನಾಗಿ ಹೊಳೆಯುತ್ತದೆ.