ಕಡಲಿನ ದಾರಿಯಲ್ಲಿ ತುಸು ನಿಧಾನ

ರಜೆ ಬಂತೆಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗಗಳಿಂದ ಎಷ್ಟೋ ಕುಟುಂಬಗಳು ಕಡಲು ನೋಡಲು ಹೊರಡುತ್ತವೆ. ಹೊಳಲ್ಕೆರೆ, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟಿ, ಆಗುಂಬೆ ಘಾಟಿಯ ತಿರುವುಗಳನ್ನಿಳಿದು ಉಡುಪಿ ತಲುಪಿ, ಅಲ್ಲಿಂದ ಉತ್ತರಕ್ಕೆ ಸಾಗಿದರೆ ಮರವಂತೆ. ರಸ್ತೆಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ನಮಗೆ, 7,000 ಮಿ.ಮೀ. ಸುರಿಯುವ ಆಗುಂಬೆಯ ಹಸುರೇ ಒಂದು ವಿಸ್ಮಯ.

ಆದರೆ ಈ ದಾರಿ 1974ರಲ್ಲಿ ಘೋಷಿತವಾದ ಸೋಮೇಶ್ವರ ಅಭಯಾರಣ್ಯದ ಮೂಲಕ ಹಾಯುತ್ತದೆಂಬುದನ್ನು ನಾವು ಮರೆಯುತ್ತೇವೆ. ಅದು ಕಾಳಿಂಗ ಸರ್ಪದ, ಸಿಂಗಳೀಕದ ಮನೆ. ಕಳೆದ ಮುಂಗಾರಿನ ಒಂದು ಮುಸ್ಸಂಜೆ ಅಲ್ಲಿ ವಾಹನ ನಿಲ್ಲಿಸಿದಾಗ, ಡಾಂಬರಿನ ಮೇಲೆ ಜಜ್ಜಿಹೋದ ಕಪ್ಪೆಗಳ ನಡುವೆ ಒಂದು ಹಾವೂ ಸತ್ತು ಬಿದ್ದಿತ್ತು.

ಕಾರಣ ಸರಳವಾದುದು. ಮಳೆ ಹಿಡಿದೊಡನೆ ಕಪ್ಪೆಗಳು ಸಂತಾನಕ್ಕಾಗಿ ನೀರನ್ನರಸಿ ರಸ್ತೆ ದಾಟುತ್ತವೆ. ಅವನ್ನು ಹಿಂಬಾಲಿಸಿ ಹಾವುಗಳೂ ಬರುತ್ತವೆ. ಬಿಸಿಲಿನ ದಿನಗಳಲ್ಲಿ ಕತ್ತಲಾದ ಮೇಲೂ ಡಾಂಬರು ಬೆಚ್ಚಗಿರುವುದರಿಂದ ಹಾವುಗಳು ಅಲ್ಲಿಯೇ ಮೈ ಕಾಯಿಸುತ್ತವೆ. ಸಿಂಗಳೀಕವಾದರೋ ಮರದಿಂದ ಮರಕ್ಕೆ ಸಾಗುವ ಜೀವಿ. ರಸ್ತೆ ಅಗಲವಾದಷ್ಟೂ ಅದರ ದಾರಿ ತುಂಡಾಗುತ್ತದೆ. ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ಮತ್ತೊಂದು ಮಾತು: ಗದ್ದೆಯ ಕೀಟಗಳನ್ನು ತಿನ್ನುವ ಕಪ್ಪೆಯೂ ಇಲಿ ಹಿಡಿಯುವ ಹಾವೂ ರೈತನಿಗೆ ಕೂಲಿ ಕೇಳದ ಆಳುಗಳು.

ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ ಸಂಚಾರ ನಿಷೇಧ ಜಾರಿಗೆ ಬಂದಿತು. ಆಗುಂಬೆಗೂ ಅದೇ ನಿಯಮ ಬೇಕೆಂದು ನಾನು ಹೇಳಲಾರೆ. ಮಲೆನಾಡಿನ ರೋಗಿಗಳು ಮಣಿಪಾಲದ ಆಸ್ಪತ್ರೆಗೆ ಹೋಗುವುದು ಇದೇ ದಾರಿಯಲ್ಲಿ. ಆದರೆ ಪ್ರವಾಸಿಗೆ ಅಂತಹ ತುರ್ತೇನಿದೆ? ಹಗಲಿನಲ್ಲಿಯೇ ಘಾಟಿ ದಾಟೋಣ. ಚತುಷ್ಪಥ ಹೆದ್ದಾರಿಯ ವೇಗವನ್ನು ಕಾಡಿನೊಳಕ್ಕೆ ಒಯ್ಯದಿರೋಣ. ಮಂಗಗಳಿಗೆ ತಿಂಡಿ ಎಸೆದು ಅವನ್ನು ಚಕ್ರಗಳ ಕೆಳಗೆ ಕರೆಯದಿರೋಣ. ಪ್ರಯಾಣದ ಅರ್ಧ ಗಂಟೆ ಉಳಿಸಲೆಂದು ರಸ್ತೆ ಅಗಲಿಸಿರೆಂದು ಒತ್ತಾಯಿಸುವ ಮೊದಲು, ಆ ಅರ್ಧ ಗಂಟೆಯ ಬೆಲೆಯನ್ನು ತೆರುವವರು ಯಾರೆಂದು ಯೋಚಿಸೋಣ.

ಈ ಎಚ್ಚರ ಘಾಟಿಗೆ ಮಾತ್ರ ಸೀಮಿತವಲ್ಲ. ಚಿತ್ರದುರ್ಗದ ಮಗ್ಗುಲಿನಲ್ಲಿಯೇ 2015ರಲ್ಲಿ ಅಭಯಾರಣ್ಯವಾದ ಜೋಗಿಮಟ್ಟಿಯಿದೆ. ಅಲ್ಲಿಯೂ ಕರಡಿ, ಚಿರತೆಗಳಿವೆ. ಕಡಲಿಗೆ ಹೊರಟವರು ಮನೆಯ ಹೊಸ್ತಿಲು ದಾಟಿದ ಕೂಡಲೇ ನಿಧಾನವನ್ನು ಅಭ್ಯಾಸ ಮಾಡಬಹುದು.